ಕಾಯಿಲ್ ಪೋಯಿಂದಿ ಸಾರ್

ಹೊಯ್ಸಳ ವಿಷ್ಣುವರ್ಧನನ ಬಿರುದುಗಳ ಸಾಲಿನಲ್ಲಿ ತಲಕಾಡು, ಕೊಂಗುಗಳ ಬೆನ್ನಿಗೇ ನಂಗಲಿಯ ಹೆಸರು ಬರುತ್ತದೆ. ಅಂಥ ದೊರೆ ಗೆದ್ದ ಊರನ್ನು ಈಗ ಧನುರ್ಮಾಸದ ಬೆಳಗುಗಳಲ್ಲಿ ಆಳುತ್ತಿರುವುದು ಬಚ್ಚಲುಮನೆಯ ಗೋಡೆಯಲ್ಲಿ ನೇತಾಡುವ ಹದಿನೈದು ಲೀಟರಿನ ಒಂದು ಬಿಳಿ ಡಬ್ಬ. ಗೀಸರಿನ ದೀಪ ಉರಿಯುತ್ತದೆ, ನೀರು ಮಾತ್ರ ಕಾಯುವುದಿಲ್ಲ. ಟವೆಲ್ ಹೊದ್ದು ನಿಂತ ನಿವೃತ್ತ ಮೇಷ್ಟ್ರು ಹೆದ್ದಾರಿಯ ಬದಿಯ ಅಂಗಡಿಗೆ ಫೋನ್ ಮಾಡುತ್ತಾರೆ. ಆಂಧ್ರದ ಗಡಿಗೆ ಅಂಟಿಕೊಂಡ, ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಈ ಸೀಮೆಯಲ್ಲಿ ಮೆಕ್ಯಾನಿಕ್ ರೋಗ ಹೇಳುವುದು ತೆಲುಗಿನಲ್ಲಿ, ದುಡ್ಡು ಕೇಳುವುದು ಕನ್ನಡದಲ್ಲಿ.

"ಕಾಯಿಲ್ ಪೋಯಿಂದಿ ಸಾರ್."

"ಹೋದ ವರ್ಷ ತಾನೇ ಹಾಕಿಸಿದ್ದೆನಲ್ಲಪ್ಪಾ?"

"ಅದೂ ಪೋಯಿಂದಿ ಸಾರ್."

ಮೇಷ್ಟ್ರ ತಾಯಿಯ ಕಾಲದಲ್ಲಿ ಹೋಗುವಂಥದ್ದು ಏನೂ ಇರಲಿಲ್ಲ. ಬಚ್ಚಲೊಲೆಯ ಮೇಲೆ ಹೂತಿಟ್ಟ ತಾಮ್ರದ ಹಂಡೆಗೆ ಕಾಯಿಲೂ ಇಲ್ಲ, ವಾರಂಟಿ ಕಾರ್ಡೂ ಇಲ್ಲ. ಅದರ ಸರ್ವೀಸಿಂಗ್ ದಿನವನ್ನು ಪಂಚಾಂಗವೇ ಗೊತ್ತುಮಾಡಿತ್ತು. ದೀಪಾವಳಿಗೆ ಮುಂಚಿನ ನೀರು ತುಂಬುವ ಹಬ್ಬದಂದು ಹುಣಸೆಹಣ್ಣು ಹಾಕಿ ತಿಕ್ಕಿ, ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಪೂಜೆ ಮಾಡಿ ನೀರು ತುಂಬಿದರೆ ಮುಗಿಯಿತು. ಖರ್ಚೆಲ್ಲ ಬೀಳುತ್ತಿದ್ದದ್ದು ಮನೆಯ ಹೆಂಗಸರ ಕಣ್ಣು, ಶ್ವಾಸಕೋಶಗಳ ಮೇಲೆ. ಆ ಲೆಕ್ಕವನ್ನು ಯಾವ ಯಜಮಾನನೂ ಬರೆದಿಟ್ಟವನಲ್ಲ. ಬರೆದಿಟ್ಟವರೆಂದರೆ ಬೆಂಗಳೂರಿನ ವಿಜ್ಞಾನಿಗಳು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ 'ಅಸ್ತ್ರ' ತಂಡ ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಕೂತು ಹಳ್ಳಿಯ ಒಲೆಗಳನ್ನು ಅಳೆಯಿತು, ಹೊಗೆ ಕಡಿಮೆಯಾಗುವ ಅಸ್ತ್ರ ಒಲೆಯನ್ನು ರೂಪಿಸಿತು.

ಕೋಲಾರದ ಒಲೆಗೆ ಸೌದೆಯಾಗಿ ಒದಗಿದ್ದು ಹಿಪ್ಪುನೇರಳೆ ಕಡ್ಡಿ, ಆಮೇಲೆ ನೀಲಗಿರಿ. ಹಂಡೆಯ ನೀರನ್ನು ಕಾಯಿಸಿದ ಮರವೇ ನೆಲದ ನೀರನ್ನು ಕುಡಿಯುತ್ತದೆಂಬ ಕೂಗೆದ್ದು, 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಅಷ್ಟು ಹೊತ್ತಿಗೆ ಜಿಲ್ಲೆಯ ಕೊಳವೆಬಾವಿಗಳು ಸಾವಿರ ಅಡಿ ದಾಟಿದ್ದವು. ಗೀಸರ್ ರಿಪೇರಿಯ ನಿಜವಾದ ದರಪಟ್ಟಿ ಇರುವುದು ಅಲ್ಲೇ, ಆ ಸಾವಿರ ಅಡಿ ಆಳದಲ್ಲಿ. ಬಂಡೆಗಳ ಸಂದಿನಲ್ಲಿ ವರ್ಷಾನುಗಟ್ಟಲೆ ನಿಂತ ನೀರು ಸುಣ್ಣದ ಅಂಶವನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಲಿ, ಬೇರೆ ದಾರಿಯೇ ಇಲ್ಲದಿದ್ದರೆ 600ರ ತನಕ ಸಹಿಸಿಕೊಳ್ಳಿ ಎನ್ನುತ್ತದೆ ಭಾರತೀಯ ಮಾನಕ ಬ್ಯೂರೋ. ತಣ್ಣಗಿರುವಾಗ ಕರಗಿ ಸುಮ್ಮನಿರುವ ಸುಣ್ಣ, ನೀರು ಕಾದಾಗ ಬೇರ್ಪಟ್ಟು ಕಾಯಿಲಿಗೆ ಮೆತ್ತಿಕೊಳ್ಳುತ್ತದೆ. ಪದರ ದಪ್ಪವಾದಂತೆ ಕಾಯಿಲಿನ ಶಾಖ ನೀರಿಗೆ ದಾಟುವುದಿಲ್ಲ. ಕಂಬಳಿ ಹೊದ್ದು ಬಿಸಿಲಲ್ಲಿ ಕೂತವನ ಹಾಗೆ ಅದು ಒಳಗೊಳಗೇ ಬೆಂದು ಒಂದು ದಿನ ಸುಟ್ಟುಹೋಗುತ್ತದೆ.

ಮೆಕ್ಯಾನಿಕ್ ಸ್ಕ್ರೂ ಬಿಚ್ಚಿ ತೋರಿಸಿದ ಕಾಯಿಲ್ ಬೂದಿ ಬಳಿದ ಮುರುಕಿನಂತಿದ್ದುದನ್ನು ನೋಡಿ ಮೇಷ್ಟ್ರ ಶ್ರೀಮತಿಯವರು, "ಏನೂಂದ್ರೆ, ಇದೇ ನೀರನ್ನಲ್ವೇ ನಾವೂ ಕುಡೀತಿರೋದು?" ಎಂದರು. ಮೇಷ್ಟ್ರು ಮಾತು ಬದಲಿಸಿ ರೇಟು ಕೇಳಿದರು.

ಹೊಸ ಕಾಯಿಲಿಗೆ ಸುಮಾರಾಗಿ ಆರುನೂರರಿಂದ ಸಾವಿರದ ಆಸುಪಾಸು, ಥರ್ಮೋಸ್ಟಾಟ್ ಕೆಟ್ಟಿದ್ದರೆ ಅದಕ್ಕೆ ಮುನ್ನೂರು ನಾನೂರು, ಜೊತೆಗೆ ಕೂಲಿ. ಇಷ್ಟಾದರೆ ರಿಪೇರಿ ಮಾಡಿಸುವುದೇ ಸರಿ. ಒಳಗಿನ ಟ್ಯಾಂಕೇ ತೂತಾಗಿದ್ದರೆ ಮಾತ್ರ ದುಡ್ಡು ಸುರಿಯುವುದು ದಂಡ, ಹೊಸದನ್ನೇ ತರಬೇಕು. ಟ್ಯಾಂಕು ತೂತಾಗದಿರಲೆಂದೇ ಒಳಗೆ ಒಂದು ಮೆಗ್ನೀಸಿಯಂ ಕಡ್ಡಿ ಇರುತ್ತದೆ. ಟ್ಯಾಂಕಿನ ಬದಲು ತಾನು ಸವೆದು ಸಾಯುವುದೇ ಅದರ ಉದ್ಯೋಗ. ಕೆಲವು ನೂರು ರೂಪಾಯಿಯ ಈ ತ್ಯಾಗಮೂರ್ತಿಯ ಹೆಸರು ಬಹುಪಾಲು ಮನೆಗಳಲ್ಲಿ ಯಾರಿಗೂ ಗೊತ್ತಿಲ್ಲ. ಅದು ಕರಗಿ ಮುಗಿದ ಮೇಲೆ ಟ್ಯಾಂಕಿನ ಸರದಿ. ಗಡಸು ನೀರಿನ ಊರಲ್ಲಿ ವರ್ಷಕ್ಕೊಮ್ಮೆ ಬಿಚ್ಚಿಸಿ, ಸುಣ್ಣ ತೆಗೆಸಿ, ಕಡ್ಡಿ ನೋಡಿಸುವುದು ಅಗ್ಗ. ದೀಪಾವಳಿಯ ಹಿಂದಿನ ವಾರವೇ ಮಾಡಿಸಿದರೆ ಹಿರಿಯರ ಆತ್ಮಕ್ಕೂ ಸಮಾಧಾನ. ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ ನೀರನ್ನು ಕುದಿಯುವ ಹದಕ್ಕೆ ತಂದು, ಆಮೇಲೆ ತಣ್ಣೀರು ಬೆರೆಸಿ ಮೀಯುವ ಚಾಳಿ ಬಿಟ್ಟು 50-55 ಡಿಗ್ರಿಗೆ ನಿಲ್ಲಿಸಿದರೆ ಸುಣ್ಣ ಕಟ್ಟುವುದೂ ನಿಧಾನ. ಇನ್ನು, ನೀರು ಕಾಯುವಾಗ ಸುರಕ್ಷಾ ವಾಲ್ವಿನಿಂದ ನಾಲ್ಕು ಹನಿ ತೊಟ್ಟಿಕ್ಕಿದರೆ ಅದು ರೋಗವಲ್ಲ. ಅದಕ್ಕೆ ಬಿರಡೆ ಜಡಿಸಿ ನೂರು ರೂಪಾಯಿ ಕೊಟ್ಟವರು ನೂರು ರೂಪಾಯಿಗೆ ಒಂದು ಬಾಂಬನ್ನು ಕೊಂಡಂತೆ.

ಇಷ್ಟಕ್ಕೇ ಹೊಟ್ಟೆ ಉರಿದುಕೊಂಡ ಮೇಷ್ಟ್ರಿಗೆ ಅಮೆರಿಕದ ಚಳಿಸೀಮೆಯಲ್ಲಿರುವ ಮಗ ವೀಡಿಯೊ ಕಾಲ್‌ನಲ್ಲಿ ಸಾಂತ್ವನ ಹೇಳಿದ. ಅಲ್ಲಿ ಕಾಯಿಸಬೇಕಾದ್ದು ಒಂದು ಬಕೆಟ್ ನೀರನ್ನಲ್ಲ, ಇಡೀ ಮನೆಯ ಗಾಳಿಯನ್ನು. ಬೇಸ್‌ಮೆಂಟಿನಲ್ಲಿ ಕೂತ ಫರ್ನೇಸ್ ನಿಂತರೆ ರಾತ್ರಿ ಕಳೆಯುವುದರೊಳಗೆ ಪೈಪಿನ ನೀರು ಹೆಪ್ಪುಗಟ್ಟಿ ಪೈಪೇ ಒಡೆಯಬಹುದು. ಮೆಕ್ಯಾನಿಕ್ ಬಂದು ಬರೀ ನೋಡಿದ್ದಕ್ಕೇ ನೂರು ಡಾಲರಿನ ಸುತ್ತಮುತ್ತ, ರಿಪೇರಿಯ ಹಣ ಬೇರೆ. ಬೆಂಕಿಯ ಬಿಸಿಯನ್ನು ಗಾಳಿಗೆ ದಾಟಿಸುವ ಭಾಗ ಬಿರುಕು ಬಿಟ್ಟರೆ ಬಿಲ್ಲು ಸಾವಿರಗಳಿಗೆ ಹೋಗುತ್ತದೆ. ಆಗ ರಿಪೇರಿಗಿಂತ ಹೊಸದೇ ವಾಸಿ ಎನ್ನುತ್ತಾರೆ. ಎಷ್ಟೋ ಸಲ ಕಾರಣ ಧೂಳು ಕಟ್ಟಿದ ಫಿಲ್ಟರು, ಅದನ್ನು ಯಜಮಾನನೇ ಬದಲಿಸಿಕೊಳ್ಳಬಹುದಿತ್ತು. "ನೋಡಿದ್ದಕ್ಕೇ ಎಂಟೊಂಬತ್ತು ಸಾವಿರವೇನೋ!" ಎಂದು ಮೇಷ್ಟ್ರು ಹೌಹಾರಿ, ತಮ್ಮ ಮೆಕ್ಯಾನಿಕ್‌ಗೆ ಕಾಫಿ ಕೊಡಲು ಹೇಳಿದರು.

ರಿಪೇರಿಯ ಖರ್ಚಲ್ಲಿ ಕರೆಂಟಿನದ್ದನ್ನೂ ಸೇರಿಸಬೇಕು. ಹದಿನೈದು ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 0.6 ಯೂನಿಟ್ ಬೇಕು. ದಿನಕ್ಕೆ ಎರಡು ಸಲ ಕಾಯಿಸಿದರೆ ತಿಂಗಳಿಗೆ ಮೂವತ್ತಾರು. 2023ರ ಆಗಸ್ಟ್‌ನಲ್ಲಿ ಶುರುವಾದ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ ಇನ್ನೂರು ಯೂನಿಟ್ ಉಚಿತ ಎಂದು ಕೇಳಿದವರೆಲ್ಲ ಗೀಸರಿನ ಕಡೆ ಕೈ ಚಾಚಿದರು. ಆಗಿನ ನಿಯಮದಂತೆ ಹಳೆಯ ವರ್ಷದ ಸರಾಸರಿಯ ಮೇಲೆ ಶೇ. 10 ಸೇರಿಸಿದಷ್ಟೇ ಉಚಿತ, ದಾಟಿದ್ದಕ್ಕೆ ದುಡ್ಡು, ಇನ್ನೂರೂ ಮೀರಿದರೆ ಪೂರ್ತಿ ಬಿಲ್ಲು ಎಂಬುದು ತಿಳಿದದ್ದು ಬೆಸ್ಕಾಂ ಮೀಟರ್ ರೀಡರ್ ಬಾಗಿಲಿಗೆ ಬಂದಾಗ. ಅದೇ ವರ್ಷದ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ ಹದಿನೈದು ಕೆ.ಜಿ. ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತಾದ್ದರಿಂದ, ಒಂದೆರಡು ತಿಂಗಳು ಯಾರಿಗೂ ಇದು ದೊಡ್ಡ ವಿಷಯ ಅನ್ನಿಸಿರಲಿಕ್ಕಿಲ್ಲ.

ಇನ್ನು ನೀರಿನ ಮಾತಿಗೆ ಮರಳಿದರೆ, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಬೆಂಗಳೂರಿನವರು ತಮ್ಮ ಗೀಸರಿನಲ್ಲಿ ಕಾಯಿಸಿ ಮಿಂದ ನೀರೇ ಎರಡು ಹಂತದಲ್ಲಿ ಶುದ್ಧವಾಗಿ ಈ ಕಡೆಯ ನೆಲಕ್ಕೆ ಇಂಗುತ್ತಿದೆ ಎಂಬುದನ್ನು ಮೇಷ್ಟ್ರು ಸ್ನಾನದ ಹೊತ್ತಿಗೆ ನೆನೆಯದಿರುವುದು ಒಳ್ಳೆಯದು.

ಕರೆಂಟು ಬೇಡವೆಂದು ಗ್ಯಾಸ್ ಗೀಸರ್ ಹಾಕಿಸಿದವರ ಕಥೆಯಲ್ಲಿ ನಗುವುದಕ್ಕೆ ಹೆಚ್ಚೇನಿಲ್ಲ. ಗಾಳಿಯಾಡದ ಬಚ್ಚಲಿನಲ್ಲಿ ಉರಿದರೆ ಅದು ಉಗುಳುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕರ್ನಾಟಕದಲ್ಲೇ ಜನ ಸತ್ತಿದ್ದಾರೆ. ಯಂತ್ರವನ್ನು ಹೊರಗಡೆಯೇ ಕೂರಿಸಬೇಕು, ಈ ವಿಷಯದಲ್ಲಿ ಚೌಕಾಸಿ ಕೂಡದು. ಅದು ಹೊತ್ತದೇ ಹೋದರೆ ಮೆಕ್ಯಾನಿಕ್‌ನನ್ನು ಕರೆಯುವ ಮೊದಲು ತಳದಲ್ಲಿರುವ ಎರಡು ದಪ್ಪ ಟಾರ್ಚ್ ಸೆಲ್ಲುಗಳನ್ನು ಬದಲಿಸಿ ನೋಡಬೇಕು.

ಕೊನೆಗೆ ಮೇಷ್ಟ್ರ ಮನಸ್ಸು ಸೋಲಾರ್ ಕಡೆ ವಾಲಿತು. ಹಾಕಿಸಿಕೊಂಡವರಿಗೆ ಬೆಸ್ಕಾಂ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿ ಕೊಡುತ್ತಾ ಬಂದಿದೆ, ಬಿಸಿಲಂತೂ ಮುಳಬಾಗಿಲು ತಾಲ್ಲೂಕಿನಲ್ಲಿ ಧಾರಾಳ. ಸುಣ್ಣ ಅಲ್ಲಿನ ಗಾಜಿನ ಕೊಳವೆಗಳಲ್ಲೂ ಕೂರುತ್ತದೆ, ಬಿಸಿಲಿಗೆ ಕಾದು ಒಣಗಿದ ಕೊಳವೆಗೆ ಮಧ್ಯಾಹ್ನ ತಣ್ಣೀರು ಬಿಟ್ಟರೆ ಸೀಳುತ್ತದೆ. ಆದರೂ ಬಿಡಿ ಕೊಳವೆ ಬದಲಿಸುವುದು ಭಾರಿ ಖರ್ಚಲ್ಲ.

"ಹಾಗಾದ್ರೆ ಹಾಕಿಸಿಬಿಡೋಣ್ವೇನಪ್ಪಾ?"

ಮೆಕ್ಯಾನಿಕ್ ಚಾವಣಿಗೆ ಹತ್ತಿ ಸುತ್ತ ಕಣ್ಣಾಡಿಸಿ ಬಂದ. ಮುಳಬಾಗಿಲಿನ ಆಂಜನೇಯನ ಪರಿವಾರ ಈ ಬೀದಿಗೂ ಬರುತ್ತದೋ ಎಂದು ಕೇಳಿದ. ಬರುತ್ತವೆ, ದಿನಾ ಸಂಜೆ, ಮರಿಗಳ ಸಮೇತ ಎಂದರು ಶ್ರೀಮತಿಯವರು.

"ಪೈಪು ಕಿತ್ತರೆ ವಾರಂಟಿ ಇಲ್ಲ ಸಾರ್" ಎಂದು ಅವನು ಹಳೆಯ ಗೀಸರಿಗೆ ಹೊಸ ಕಾಯಿಲ್ ತಿರುಪತೊಡಗಿದ.