ಇಲಿ ಯಾರವು?

ಇಲಿ ಯಾರವು ಅನ್ನೋದು ನಮ್ಮ ಓಣಿಯ ಬಗೆಹರಿಯದ ವ್ಯಾಜ್ಯ. ಬೇಲಿಯಾಚೆಯ ಕಾಕಾ ಅವರ ವಾದ ಒಂದೇ: "ಯವ್ವಾ, ನೀ ಕೋಳಿ ಸಾಕ್ಲಾಕ ಸುರು ಮಾಡಿದ ಮ್ಯಾಲೇ ಇವು ಬಂದಾವ ನೋಡು." ನನ್ನ ವಾದವೂ ಒಂದೇ: "ಕಾಕಾ, ನಿಮ್ಮ ಪಡಸಾಲ್ಯಾಗ ತೊಗರಿ ಚೀಲ ಒಟ್ಟೀರಲ್ಲ, ಅದರ ವಾಸನಿಗಿ ಬಂದಾವ. ನನ್ನ ಕೋಳಿ ಗೂಡು ಅವಕ್ಕ ಬರೇ ದಾರ್ಯಾಗಿನ ಖಾನಾವಳಿ."

ಖರೇ ಅಂದ್ರ ಇಬ್ಬರದೂ ಅರ್ಧರ್ಧ ಸರಿ. ಇಲಿಗೆ ಕೋಳಿ ಮೇಲೆ ಅಂಥ ಮೋಹವೇನಿಲ್ಲ, ಅದು ಬರುವುದು ಕಾಳಿಗೆ. ಸೋಯಾ ಕೊಯ್ಲಾದಾಗ ಒಮ್ಮೆ, ತೊಗರಿ ರಾಶಿ ಮುಗಿದಾಗ ಇನ್ನೊಮ್ಮೆ, ಹೊಲ ಬರಿದಾದಂತೆ ಊರ ಕಡೆ ಮುಖ ಮಾಡುತ್ತದೆ. ಹಿಂದೆ ಜೋಳ ನೆಲದೊಳಗಿನ ಹಗೇವಿನಲ್ಲಿ ಬಂದೋಬಸ್ತಾಗಿ ಇರುತ್ತಿತ್ತು. ಈಗ ಪ್ಲಾಸ್ಟಿಕ್ ಚೀಲದಲ್ಲಿ ಗೋಡೆಗೆ ಒರಗಿರುತ್ತದೆ. ಅದರ ಪಕ್ಕದ ಹಿತ್ತಲಲ್ಲಿ ನಮ್ಮಂಥವರು ಕೋಳಿಗೆಂದು ನುಚ್ಚು ಚೆಲ್ಲಿ, ಉಳಿದದ್ದನ್ನು ರಾತ್ರಿಯೂ ಹಾಗೇ ಬಿಡುತ್ತೇವೆ. ಮೂರು ವಾರಕ್ಕೆ ಹೆರುವ ಪ್ರಾಣಿ, ಹೆರಿಗೆಗೆ ಆರೆಂಟು ಮರಿ, ಆ ಮರಿಗಳೂ ಮೂರು ತಿಂಗಳೊಳಗೆ ಹೆರಲು ತಯಾರು. ಇಷ್ಟು ಸವಲತ್ತು ಕೊಟ್ಟ ಮೇಲೆ ಅದು ಎಲ್ಲಿಗೆ ಹೋದೀತು?

ಇನ್ನೊಂದು ಬದಿಯ ಭಾಭಿಗೆ ಇಲಿಗಿಂತ ಇಲಿಯ ಕಥೆ ಇಷ್ಟ. "ಒಂದು ಇಲಿ ಅಂಗಾತ ಮಲಗಿ ತತ್ತಿ ಅವಚಿಕೊಳ್ತದ, ಇನ್ನೊಂದು ಅದರ ಬಾಲ ಹಿಡಿದು ಬಿಲಕ್ಕ ಎಳಕೊಂಡು ಹೋಗ್ತದ." ನೀವು ನೋಡೀರೇನು ಭಾಭಿ ಅಂದರೆ, "ನಮ್ಮ ಅತ್ತಿ ನೋಡ್ಯಾರ" ಅನ್ನುತ್ತಾರೆ. ಈ ಕಥೆ ಫ್ರಾನ್ಸಿನಲ್ಲೂ ಇದೆ. ಲಾ ಫೊಂಟೇನ್ ಎಂಬ ಕವಿ 17ನೇ ಶತಮಾನದಲ್ಲೇ ಇದನ್ನು ಪದ್ಯ ಮಾಡಿದ್ದಾನೆ. ಅಲ್ಲಿಯೂ ಯಾರದೋ ಅತ್ತೆ ನೋಡಿರಬೇಕು. ತತ್ತಿಯನ್ನು ಮೂತಿಯಿಂದ, ಮುಂಗಾಲಿನಿಂದ ಉರುಳಿಸಿಕೊಂಡು ಹೋಗುವುದು, ಇಲ್ಲವೇ ಅಲ್ಲೇ ಒಡೆದು ತಿನ್ನುವುದು ಮಾತ್ರ ಸುಳ್ಳಲ್ಲ. ಹೊತ್ತು ಮುಳುಗುವುದರೊಳಗೆ ತತ್ತಿ ಆರಿಸಿಕೊಂಡರೆ ಕಥೆಗೆ ಅವಕಾಶವೇ ಇಲ್ಲ.

ಕೋಳಿಮರಿಗಳ ಮಾತು ಬೇರೆ. ಕತ್ತಲಾದರೆ ಕೋಳಿಗೆ ಕಣ್ಣು ಕಾಣುವುದು ಅಷ್ಟಕ್ಕಷ್ಟೇ. ಹಗಲಲ್ಲಿ ಬೆಕ್ಕನ್ನೂ ಅಟ್ಟಿಸಿಕೊಂಡು ಹೋಗುವ ಹ್ಯಾಟಿ, ರಾತ್ರಿ ತನ್ನ ರೆಕ್ಕೆ ಕೆಳಗಿನಿಂದಲೇ ಹೆಗ್ಗಣವೊಂದು ಮರಿಯನ್ನು ಎಳೆದೊಯ್ದರೂ ಕೊಕ್ಕೊಕ್ ಅನ್ನುವುದರಲ್ಲೇ ಇರುತ್ತದೆ.

ಕಾಕಾ ಇಲಿಯನ್ನು ಕೊಲ್ಲುವವರಲ್ಲ. ಕಳ್ಳತನವೂ ಬೇಡ, ಕೊಲೆಯೂ ಬೇಡ ಎಂದ ಬಸವಣ್ಣನವರ ಕಲ್ಯಾಣ ಇದು. ಮೊದಲಿನದನ್ನು ಇಲಿ ಮುರಿದರೂ ಎರಡನೆಯದನ್ನು ನಾವು ಮುರಿಯಬಾರದು ಎಂಬುದು ಅವರ ನಿಲುವು. ಬೋನಿಗೆ ಒಣಕೊಬ್ಬರಿ ಸಿಕ್ಕಿಸಿ ಹಿಡಿದು, ಸೈಕಲ್ಲಿಗೆ ತೂಗುಹಾಕಿಕೊಂಡು ತ್ರಿಪುರಾಂತ ಕೆರೆ ಕಡೆ ಬಿಟ್ಟು ಬರುತ್ತಾರೆ.

"ಅಲ್ಲೀ ಮಂದಿಗೂ ಕೋಳಿ ಅವ, ಕಾಕಾ."

"ಅಲ್ಲಿ ಬೆಕ್ಕೂ ಅವ, ಯವ್ವಾ."

ವಿಷದ ಪುಡಿಕೆ ತರುವವರಿಗೇನೂ ಕಡಿಮೆಯಿಲ್ಲ. ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿಯನ್ನು ಕಲಸುವ ಲೆಕ್ಕವೇ ನನಗೆ ನಗು ತರಿಸುತ್ತದೆ: ನುಚ್ಚು 96 ಪಾಲು, ಎಣ್ಣೆ 2 ಪಾಲು, ವಿಷ 2 ಪಾಲು. ಎಣ್ಣೆ ಹಚ್ಚಿದ ನುಚ್ಚು ಅಂದರೆ ಕೋಳಿಗೇ ಔತಣ! ಇಲಿಯೋ, ಮೊದಲು ಚೂರು ರುಚಿ ನೋಡಿ ಹೊಟ್ಟೆ ಕೆಟ್ಟರೆ ಮತ್ತೆ ಮುಟ್ಟುವುದಿಲ್ಲ. ಅದಕ್ಕೇ ಎರಡು ಮೂರು ದಿನ ಬರೀ ಎಣ್ಣೆ ನುಚ್ಚಿಟ್ಟು ರೂಢಿ ಮಾಡಿಸಬೇಕು, ಆಮೇಲೆ ವಿಷ. ಕೋಳಿಗೆ ಅಂಥ ಸಂಶಯ ಎಲ್ಲಿಂದ ಬರಬೇಕು? ಬ್ರೋಮಾಡಿಯೋಲೋನ್ ಬಿಲ್ಲೆ ತಿಂದ ಇಲಿ ಕೆಲವು ದಿನ ಬಿಟ್ಟು ಸಾಯುವುದರಿಂದ ಉಳಿದವಕ್ಕೆ ಸುಳಿವು ಹತ್ತುವುದಿಲ್ಲ. ಆದರೆ ಸತ್ತದ್ದನ್ನು ಕುಕ್ಕಿದ ಕೋಳಿಗೂ, ತಿಂದ ಬೆಕ್ಕಿಗೂ, ಗೂಬೆಗೂ ಅದರ ಪಾಲು ತಲುಪುತ್ತದೆ. ಗೂಬೆ ಕೂಗಿದರೆ ಅಪಶಕುನ ಎಂದು ಕಲ್ಲು ಹೊಡೆಯುವ ನಾವು, ಪಗಾರವಿಲ್ಲದೆ ರಾತ್ರಿಪಾಳಿ ಮಾಡುವ ಪಕ್ಷಿಯನ್ನು ಹೀಗೂ ಕಳೆದುಕೊಳ್ಳುತ್ತೇವೆ. ಹಳದಿ ರಂಜಕದ ಪೇಸ್ಟನ್ನಂತೂ ಮಕ್ಕಳಿರುವ ಮನೆಯೊಳಗೆ ತರಲೇಬಾರದು; ಅದು ಮನುಷ್ಯನ ಲಿವರನ್ನೇ ಸುಡುತ್ತದೆ.

ಇಷ್ಟೆಲ್ಲ ಮಾತಾಡುವಾಗ ಕಾಕಾ ಒಮ್ಮೆ ಗಂಭೀರರಾದದ್ದು ಕಿಲ್ಲಾರಿ ಭೂಕಂಪದ ನೆನಪಿಗೆ. 1993ರ ಸೆಪ್ಟೆಂಬರ್ 30ರ ನಸುಕು. "ಗಣಪತಿ ಕಳಿಸಿ ಬಂದು ಆಗ ಮಲಗಿದ್ವಿ, ಭೂಮಿ ನಡುಗ್ತು." ಉಮರ್ಗಾ ದಾಟಿದರೆ ಕಿಲ್ಲಾರಿ, ನಮಗೇನು ದೂರ. ಸುಮಾರು ಹತ್ತು ಸಾವಿರ ಜನ ಸತ್ತರು. ಬದುಕಿದವರು ಬಿದ್ದ ಮನೆ, ಮನೆಯೊಳಗಿನ ಕಾಳು ಎಲ್ಲ ಬಿಟ್ಟು ಬಯಲಿಗೆ ಬಂದರು. ಮರುವರ್ಷ, 1994ರಲ್ಲಿ, ಬೀಡ ಜಿಲ್ಲೆಯ ಮಾಮಲಾ ಎಂಬ ಹಳ್ಳಿಯಲ್ಲಿ ಪ್ಲೇಗು, ಹಿಂದೆಯೇ ಸೂರತ್‌ನಲ್ಲಿ. ಭೂಕಂಪದಲ್ಲಿ ಅನಾಥವಾದ ಆ ಕಾಳೇ ಇಲಿಗಳನ್ನು ಸಾಕಿತು, ಅಡವಿ ಇಲಿಯ ರೋಗ ಊರ ಇಲಿಗೆ ದಾಟಲು ದಾರಿಯಾಯಿತು ಎಂದು ಆಗ ಹಲವು ತಜ್ಞರು ತರ್ಕಿಸಿದರು. ಇಲಿ ಸತ್ತಾಗ ಅದರ ಮೈಮೇಲಿನ ಚಿಗಟ ಬೇರೆ ಮೈ ಹುಡುಕುತ್ತದೆ. ಸತ್ತ ಇಲಿಯನ್ನು ಬರಿಗೈಲಿ ಎತ್ತಬಾರದು ಅನ್ನುವುದು ಅದಕ್ಕೇ. ಪ್ಲೇಗು ಹೋಯಿತು ಅಂದುಕೊಂಡರೂ ಮಳೆಗಾಲದ ಇಲಿಜ್ವರ ಎಲ್ಲಿಗೂ ಹೋಗಿಲ್ಲ. ಅದು ಇಲಿಯ ಮೂತ್ರದಿಂದ, ಕಾಲಿನ ಗಾಯದ ಮೂಲಕ ಬರುತ್ತದೆ.

ಈ ವ್ಯಾಜ್ಯಕ್ಕೆ ನಾನು ಕಂಡ ಚಂದದ ತೀರ್ಪು ಹುಮನಾಬಾದಿನಲ್ಲಿರುವ ನನ್ನ ತಂಗಿಯ ಹಿತ್ತಲಲ್ಲಿದೆ. ನಮ್ಮ ಮುರುಮಿನ ನೆಲವನ್ನು ಇಲಿ ಹಗುರಾಗಿ ತೋಡುತ್ತದೆ ಎಂದು ಅವಳ ಗಂಡ ಗೂಡಿನ ತಳಕ್ಕೆ ಶಹಾಬಾದ ಪರ್ಸಿ ಹಾಸಿ, ಸಂದಿಗೆ ಸಿಮೆಂಟು ಹಚ್ಚಿದ್ದಾನೆ. ಸುತ್ತ ಇರುವುದು ಪೇಟೆಯಲ್ಲಿ ಕೋಳಿ ಜಾಲಿ ಎಂದು ಕೊಡುವ ಆರು ಮೂಲೆಯ ತೂತಿನದಲ್ಲ. ಅದು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆಯೇ ಹೊರತು ಇಲಿಮರಿ ಒಳಗೆ ಬರುವುದನ್ನಲ್ಲ. ಅವನು ಹಾಕಿದ್ದು ಅರ್ಧ ಇಂಚಿಗಿಂತ ಸಣ್ಣ ಚೌಕದ ಗಟ್ಟಿ ಜಾಲಿ. ಅದನ್ನು ಒಂದು ಅಡಿ ನೆಲದೊಳಗೆ ಇಳಿಸಿ ಹೊರಮುಖವಾಗಿ ಬಗ್ಗಿಸಿದ್ದಾನೆ. ತೋಡುತ್ತ ಬಂದ ಇಲಿಗೆ ತಂತಿಯೇ ಎದುರಾಗುತ್ತದೆ. ಕಾಳು ಮುಚ್ಚಳವಿರುವ ಖಾಲಿ ಎಣ್ಣೆ ಡಬ್ಬಿಯಲ್ಲಿ. ಸಂಜೆಯಾದರೆ ಕೋಳಿಯ ತಾಟು ಮನೆಯೊಳಗೆ. ಖರ್ಚು ಬಂತು, ನಿಜ. ಆದರೆ ಪ್ರತಿ ವರ್ಷ ಪುಡಿಕೆ ಕೊಳ್ಳುವ ಗೋಳಿಲ್ಲ, ಕಣ್ಣೆದುರು ಬೆಕ್ಕು ಒದ್ದಾಡಿ ಸಾಯುವುದನ್ನು ನೋಡುವ ಗೋಳೂ ಇಲ್ಲ.

ಕಾಕಾಗೆ ಇದನ್ನು ಹೇಳಿದರೆ, "ಹಂಗಾದ್ರ ನಿನ್ನ ಇಲಿ ಎಲ್ಲಾ ನಮ್ಮ ಮನೀಗೇ ಬರ್ತಾವ!" ಅಂದರು. ಆ ಮಾತೂ ಸುಳ್ಳಲ್ಲ. ಅದಕ್ಕೇ ಓಣಿಯವರಿಗೆ ನನ್ನದೊಂದು ಬಿನ್ನಹ. ತೊಗರಿ ರಾಶಿ ಮುಗಿಯುವ ಮೊದಲು, ಎಲ್ಲರೂ ಒಂದೇ ಸಂಜೆ ನಮ್ಮ ನಮ್ಮ ಹಿತ್ತಲ ಬಿಲಗಳನ್ನೆಲ್ಲ ಮಣ್ಣಿನಿಂದ ಮುಚ್ಚೋಣ. ಬೆಳಿಗ್ಗೆ ಎದ್ದು ನೋಡಿದರೆ ಯಾವ ಬಿಲ ತೆರೆದಿದೆಯೋ ಅದರಲ್ಲೇ ಇಲಿ ಇದೆ. ಬೋನು ಇಡುವುದಿದ್ದರೆ ಅದರ ಬಾಯಿಗೇ ಇಡಿ. ಯಾರ ಹಿತ್ತಲದು ಎಂದು ಆಮೇಲೆ ಬೇಕಾದಷ್ಟು ಜಗಳ ಆಡೋಣ. ಕಾಕಾ, ನಿಮ್ಮ ತೊಗರಿಗೂ ಎರಡು ತಗಡಿನ ಡ್ರಮ್ಮು ತರಿಸಿಬಿಡ್ರಿ.