ಬಾಯಿಗೂ ಒಂದು ರಕ್ಕಸಕೊಪ್ಪ

ಬೆಳಗಾವಿಯ ಕಣಬರ್ಗಿಗೆ ಹೊಂದಿಕೊಂಡ ರಾಮತೀರ್ಥ ನಗರದಲ್ಲಿ ನಿವೃತ್ತರಿಗೆ ಬರವಿಲ್ಲ. ನಗರಾಭಿವೃದ್ಧಿ ಪ್ರಾಧಿಕಾರದ (ಬುಡಾ) ನಿವೇಶನದಲ್ಲಿ ಮನೆ ಕಟ್ಟಿಸಿ, ಸಾಲ ತೀರಿಸಿ, ಮಕ್ಕಳನ್ನು ಪುಣೆಗೋ ಬೆಂಗಳೂರಿಗೋ ಸಾಗಹಾಕಿದ ಮೇಲೆ ಅವರಿಗೆ ಉಳಿಯುವುದು ಎರಡೇ ಉದ್ಯೋಗ: ತಿನ್ನುವುದು, ಮಾತಾಡುವುದು. ಅಲ್ಲಿನ ಮಾಸ್ತರರೊಬ್ಬರಿಗೆ ಈ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಕೈಕೊಟ್ಟವು.

ಮೊದಲು ಮುನಿದದ್ದು ಖಡಕ್ ರೊಟ್ಟಿ. ಮುರಿದರೆ ಚಟ್ಟೆಂದು ಸದ್ದು ಮಾಡುವ, ತಿಂಗಳಿಟ್ಟರೂ ಕೆಡದ ಆ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಹಚ್ಚಿ ಬಾಯಿಗಿಟ್ಟರೆ ಅದು ತುತ್ತಾಗಲು ಒಪ್ಪಲಿಲ್ಲ. ಚೂರುಚೂರಾಗಿ ಒಂದಿಷ್ಟು ಒಸಡಿನ ಸಂದಿಗೆ, ಒಂದಿಷ್ಟು ಅಂಗುಳಕ್ಕೆ, ಉಳಿದದ್ದು ನಾಲಿಗೆಯ ಮೇಲೆ ಉಸುಕಿನ ಹಾಗೆ ಕೂತಿತು. ನುಂಗಲು ಹೋದರೆ ಕೆಮ್ಮು.

"ರೊಟ್ಟಿ ಬಾಯಾಗ ತಿರಗವಲ್ದು ನೋಡ," ಎಂದರು ಮಾಸ್ತರರು.

"ಜ್ವಾಳಾ ಬದ್ಲಿ ಮಾಡೀನಿ, ಹಿಟ್ಟಿನ ಗಿರಣಿ ಬದ್ಲಿ ಮಾಡೀನಿ. ಇನ್ನ ಬಾಯಿ ಒಂದ ಉಳದೈತಿ, ಅದನ್ನ ನೀವ ಬದ್ಲಿ ಮಾಡಸ್ರಿ," ಎಂದರು ಮನೆಯವರು.

ಅವರ ಮಾತು ಗುರಿಯ ಹತ್ತಿರವೇ ಬಿದ್ದಿತ್ತು. ಬೆಳಗಾವಿಗೆ ಮಾರ್ಕಂಡೇಯ ನದಿಯ ರಕ್ಕಸಕೊಪ್ಪ, ಘಟಪ್ರಭೆಯ ಹಿಡಕಲ್ ಜಲಾಶಯಗಳು ನೀರು ಕೊಡುವಂತೆ ಬಾಯಿಗೂ ಅದರದೇ ಸರಬರಾಜು ಉಂಟು. ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿಯಲ್ಲಿ ಒಂದೊಂದು ಜೋಡಿ ದೊಡ್ಡ ಗ್ರಂಥಿಗಳು, ತುಟಿ ಕೆನ್ನೆಯ ಒಳಗೆಲ್ಲ ನೂರಾರು ಸಣ್ಣವು. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲಿನ ಉತ್ಪನ್ನ. ಅದರಲ್ಲಿ 99 ಪಾಲು ನೀರೇ. ಆದರೆ ಉಳಿದ ಒಂದು ಪಾಲಿನಲ್ಲಿದೆ ಕಸುಬು. ಮ್ಯೂಸಿನ್ ಎಂಬ ಲೋಳೆಯಂಥ ವಸ್ತು ಚೂರುಗಳನ್ನು ಹಿಡಿದು ಒಂದು ತುತ್ತು ಮಾಡಿ ಜಾರುವಂತೆ ಮಾಡುತ್ತದೆ. ಅಮೈಲೇಸ್ ಎಂಬ ಕಿಣ್ವ ಜೋಳದ ಪಿಷ್ಟವನ್ನು ಅಲ್ಲಿಯೇ ಒಡೆಯಲು ತೊಡಗುತ್ತದೆ. ರುಚಿಯೂ ಇದರ ಕೃಪೆಯೇ. ಕರಗದ ಸಕ್ಕರೆ ಒಣ ನಾಲಿಗೆಗೆ ಬರೀ ಹರಳು.

ಇಷ್ಟೆಲ್ಲ ದುಡಿಯುವ ದ್ರವವನ್ನು ನಾವು ಎಂಜಲು ಎಂದು ಮೂಗು ಮುರಿಯುತ್ತೇವೆ, ಬಸ್ಸಿನ ಕಿಟಕಿಯಿಂದ ಧಾರಾಳವಾಗಿ ದಾನ ಮಾಡುತ್ತೇವೆ.

ಮಾಸ್ತರರ ಮೇಲ್ದವಡೆ ಪೂರ್ತಿ ಕಟ್ಟಿಸಿದ ಸೆಟ್ಟು. ಅಂಟಿಲ್ಲದೆ, ಮೊಳೆಯಿಲ್ಲದೆ ಅದು ಅಂಗುಳಕ್ಕೆ ಕಚ್ಚಿಕೊಂಡಿರುವುದು ನಡುವಿನ ತೆಳು ಜೊಲ್ಲಿನ ಪದರದ ಬಲದಿಂದ. ಪದರ ಆರಿದರೆ ಸೆಟ್ಟು ಸ್ವತಂತ್ರ. ಹೀಗಾಗಿ ರೊಟ್ಟಿಯ ಬೆನ್ನಿಗೇ ಮಾತೂ ಮುನಿಯಿತು. ಟ, ಡ, ಣ, ಳ ಅನ್ನಲು ನಾಲಿಗೆ ಮೇಲಕ್ಕೆ ಮಡಚಿ ಅಂಗುಳ ಮುಟ್ಟಿ ತಟ್ಟನೆ ಬಿಡಬೇಕು. ಒಣ ನಾಲಿಗೆ ಮುಟ್ಟುತ್ತದೆ, ಬಿಡುವುದಿಲ್ಲ. ಬಿಟ್ಟರೆ ಟಕ್ ಎಂಬ ಸದ್ದು, ಜೊತೆಗೆ ಸೆಟ್ಟನ್ನೂ ಎಳೆದು ತರುತ್ತದೆ. ಬೆಳಗಾವಿಯಲ್ಲಿ ನವೆಂಬರ್ 1 ಎಂದರೆ ಚೆನ್ನಮ್ಮ ವೃತ್ತದಲ್ಲಿ ಜನಸಾಗರ, ಬಡಾವಣೆಗಳಲ್ಲಿ ಭಾಷಣಸಾಗರ. ಆ ದಿನ ವೇದಿಕೆ ಏರಿದ ಮಾಸ್ತರರು "ಬೆಳಗಾವಿ" ಎನ್ನಹೊರಟು ಳಕಾರದಲ್ಲಿ ಸಿಕ್ಕಿಬಿದ್ದರು. ಬಾಯಿ ಮುಚ್ಚಿ ಒಮ್ಮೆ ಸೆಟ್ಟನ್ನು ಒಳಗೆ ತಳ್ಳಿಕೊಂಡು ಮತ್ತೆ ಹೊರಟರೆ "ಕರ್ನಾಟಕ"ದ ಟಕಾರ ಕಾದು ಕುಂತಿತ್ತು. ಸಭೆ ಅದನ್ನು ಭಾವಾವೇಶ ಎಂದುಕೊಂಡು ಚಪ್ಪಾಳೆ ತಟ್ಟಿತು.

ವೇದಿಕೆಯ ಅಂಜಿಕೆಗೂ ಬಾಯಿ ಆರುತ್ತದೆ. ಹೆದರಿದ ದೇಹ ಊಟದ ಯೋಚನೆಯನ್ನೇ ಬಿಡುವುದರಿಂದ ತಿಳಿ ಜೊಲ್ಲು ನಿಂತುಬಿಡುತ್ತದೆ. ನಮ್ಮ ಹಳೆಯ ಧರ್ಮಶಾಸ್ತ್ರಕಾರರು ಇದರ ಮೇಲೆ ನ್ಯಾಯಾಲಯವನ್ನೇ ನಡೆಸಿದ್ದರು. ಕಳ್ಳತನದ ಆರೋಪಿಗೆ ಅಕ್ಕಿ ಜಗಿಸಿ ಎಲೆಯ ಮೇಲೆ ಉಗುಳಿಸುವ ತಂಡುಲ ದಿವ್ಯವನ್ನು, ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ತನ್ನ ಮಿತಾಕ್ಷರದಲ್ಲಿ ಚರ್ಚಿಸಿದ್ದಾನೆ. ಉಗುಳಿನಲ್ಲಿ ರಕ್ತ ಕಂಡರೆ, ಮೈ ನಡುಗಿದರೆ ತಪ್ಪಿತಸ್ಥ. ತಪ್ಪು ಮಾಡಿದವನ ಬಾಯಿ ಒಣಗಿ ಅಕ್ಕಿ ಒಸಡು ಕೆರೆಯುತ್ತದೆ ಎಂಬುದು ಇದಕ್ಕೆ ಈಗಿನವರು ಕೊಡುವ ವಿವರಣೆ. ಅಂಜುಬುರುಕ ನಿರಪರಾಧಿಯ ಪಾಡೇನು? ನಮ್ಮ ಮಾಸ್ತರರು ಆ ಕಾಲದಲ್ಲಿ ಇದ್ದಿದ್ದರೆ ಊರಿನ ಕಳವುಗಳೆಲ್ಲ ಅವರ ತಲೆಗೇ ಬರುತ್ತಿದ್ದವು.

ಕೊನೆಗೆ ದಂತವೈದ್ಯರ ಕುರ್ಚಿ. ವೈದ್ಯರು ಉದ್ದ ಹಿಡಿಕೆಯ ಪುಟ್ಟ ಕನ್ನಡಿಯನ್ನು ಕೆನ್ನೆಯ ಒಳಮೈಗೆ ತಾಗಿಸಿ ಎಳೆದರು. ಜಾರಬೇಕಾದ ಕನ್ನಡಿ ಕಚ್ಚಿಕೊಂಡಿತು. ಕೆನ್ನೆಯೂ ಅದರ ಹಿಂದೆ ಬಂತು. ಆಮೇಲೆ ಕೈಗೊಂದು ಅಳತೆಯ ಕಪ್ಪು ಕೊಟ್ಟು, ತಲೆ ಬಗ್ಗಿಸಿ 15 ನಿಮಿಷ ಕೂತು, ನುಂಗದೆ, ಮಾತಾಡದೆ, ಬಾಯಲ್ಲಿ ಕೂಡಿದ್ದನ್ನೆಲ್ಲ ಅದರೊಳಗೆ ಬಿಡಲು ಹೇಳಿದರು. ತರಗತಿಯಲ್ಲಿ ಉಗುಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದ ಮನುಷ್ಯ ಇಳಿವಯಸ್ಸಿನಲ್ಲಿ ಅಳತೆ ಹಿಡಿದು ಜೊಲ್ಲು ಸುರಿಸಬೇಕಾಯಿತು. ಅದರಲ್ಲೂ ಫೇಲು. ನಿಮಿಷಕ್ಕೆ 0.1 ಮಿಲಿಲೀಟರಿಗಿಂತ ಕಡಿಮೆಯಾದರೆ ಬರಗಾಲವೆಂದೇ ಲೆಕ್ಕ. ಕಪ್ಪಿನಲ್ಲಿ ತಳ ಒದ್ದೆಯಾಗುವಷ್ಟು ನೊರೆ ಮಾತ್ರ ಇತ್ತು.

"ವಯಸ್ಸಾತಲ್ರೀ ಡಾಕ್ಟ್ರ," ಎಂದರು ಮಾಸ್ತರರು. ವಯಸ್ಸಿನ ಮೇಲೆ ಹೊರಿಸಿದರೆ ಯಾರೂ ತಕರಾರು ಮಾಡುವುದಿಲ್ಲ ಎಂಬ ಧೈರ್ಯ.

ವೈದ್ಯರು ತಕರಾರು ಮಾಡಿದರು. "ನಿಮ್ಮ ಗುಳಿಗಿ ಡಬ್ಬಿ ತರ್ರಿ."

ಡಬ್ಬಿಯಲ್ಲಿ ಸೀನಿಗೊಂದು, ಮೂತ್ರದ ಅವಸರಕ್ಕೊಂದು, ನಿದ್ದೆಗೊಂದು ಇದ್ದವು. ಗ್ರಂಥಿಗೆ ನರ ಕಳಿಸುವ ಅಸಿಟೈಲ್‌ಕೋಲಿನ್ ಎಂಬ ಸಂದೇಶವನ್ನು ಇಂಥ ಹಲವು ಔಷಧಿಗಳು ದಾರಿಯಲ್ಲೇ ತಡೆಯುತ್ತವೆ. ಮೂರೂ ಒಂದೇ ಬಾಗಿಲಿಗೆ ಬೀಗ ಹಾಕಿದ್ದವು. ಬೆಳಗಾವಿಯ ಜಿಟಿಜಿಟಿ ಮಳೆಯ ಸೀನಿಗೆಂದು ಯಾವತ್ತೋ ಬರೆಸಿಕೊಂಡ ಗುಳಿಗೆ ಬೇಸಿಗೆಯಲ್ಲೂ ನಡೆದಿತ್ತು. ಎಲ್ಲರಿಗೂ ಗುಳಿಗೆಯೇ ಕಾರಣವಲ್ಲ ಅನ್ನಿ. ಸಕ್ಕರೆ ಕಾಯಿಲೆ ಇರಬಹುದು, ತಲೆ-ಕತ್ತಿನ ಕ್ಯಾನ್ಸರಿಗೆ ಕೊಟ್ಟ ವಿಕಿರಣ ಇರಬಹುದು. ಕಣ್ಣೂ ಬಾಯಿಯೂ ಒಟ್ಟಿಗೆ ಒಣಗಿದರೆ, 1933ರಲ್ಲಿ ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೆಗ್ರೆನ್ ವಿವರಿಸಿದ, ಹೆಂಗಸರನ್ನೇ ಹೆಚ್ಚು ಕಾಡುವ ರೋಗವೂ ಇರಬಹುದು.

ಗುಳಿಗೆ ಬರೆದ ವೈದ್ಯರನ್ನೇ ಕೇಳಿ ಒಂದನ್ನು ಬಿಟ್ಟರು, ಒಂದನ್ನು ಬದಲಿಸಿದರು. ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ ಜಗಿಯಲು ಹೇಳಿಸಿಕೊಂಡರು. ಜಗಿದರೆ ಗ್ರಂಥಿ ಎಚ್ಚರಾಗುತ್ತದಂತೆ. ರೊಟ್ಟಿಯನ್ನು ಬದನೆಕಾಯಿ ಎಣಗಾಯಿಯ ಎಣ್ಣೆರಸದಲ್ಲಿ ನೆನೆಸುವುದು ಕಲಿತರು. ಸಲೀಸಾಗಿ ಇಳಿಯುತ್ತಿದ್ದ ಸಿಹಿತಿನಿಸು ಕುಂದಾಕ್ಕೆ ಮಾತ್ರ ತಡೆ ಬಿತ್ತು. ತೊಳೆಯುವ ಜೊಲ್ಲಿಲ್ಲದ ಬಾಯಲ್ಲಿ ಸಿಹಿ ಉಳಿದರೆ ಕೆಳದವಡೆಯ ಅಸಲಿ ಹಲ್ಲುಗಳು ಹುಳುಕಾಗುತ್ತವೆ. ತಿನ್ನಲು ಬರುವುದನ್ನು ತಿನ್ನಬಾರದು, ತಿನ್ನಬಹುದಾದದ್ದು ಇಳಿಯದು ಎಂದು ಅವರು ಒಂದು ವಾರ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಮುಂದಿನ ರಾಜ್ಯೋತ್ಸವಕ್ಕೆ ಮಾಸ್ತರರು ನೀರಿನ ಬಾಟಲಿ ಹಿಡಿದೇ ಮೈಕಿನ ಮುಂದೆ ನಿಂತರು. ಎರಡು ವಾಕ್ಯಕ್ಕೊಂದು ಗುಟುಕು. ಗುಟುಕಿನ ಮೌನದಲ್ಲಿ ಸಭೆ ಮುಂದೇನೋ ಗಹನವಾದದ್ದು ಬರಲಿದೆ ಎಂದು ಕಾಯುತ್ತಿತ್ತು. ಆಮೇಲೆ ಮಾತಾಡಿದ ಕಾಲೇಜು ಹುಡುಗನೊಬ್ಬ, ಬಾಯಿ ತುಂಬ ಜೊಲ್ಲಿದ್ದರೂ, ಎರಡು ವಾಕ್ಯಕ್ಕೊಮ್ಮೆ ನಿಂತು ಮಾಸ್ತರರ ಬಾಟಲಿಗೆ ಕೈಚಾಚಿದ.