ಏರಿನ ಲೆಕ್ಕ
ಸೋಮೇಶ್ವರದಿಂದ ಆಗುಂಬೆಗೆ ಸೈಕಲ್ಲಿನ ಮೇಲೆ ಹೇರು ಹೇರಿಕೊಂಡು ಹೋಗಬೇಕೆಂಬ ಸಂಕಲ್ಪವು ನನ್ನಲ್ಲಿ ಉದಯಿಸಿದುದು, ಊಟವಾದ ಮೇಲೆ ಆರಾಮಕುರ್ಚಿಯಲ್ಲಿ ಒರಗಿ, ಸರ್ವೇ ನಕ್ಷೆಯನ್ನು ಮಡಿಲಲ್ಲಿ ಹರವಿಕೊಂಡಿದ್ದ ಯಾವುದೋ ಅಶುಭ ಮುಹೂರ್ತದಲ್ಲಿ. 1:50,000 ಪ್ರಮಾಣದ ಆ ನಕ್ಷೆಯಲ್ಲಿ 2 ಸೆಂಟಿಮೀಟರೆಂದರೆ ಒಂದು ಕಿಲೋಮೀಟರು. ಸಮೋನ್ನತಿ ರೇಖೆಗಳ ನಡುವಣ ಎತ್ತರ 20 ಮೀಟರು. ಆದುದರಿಂದ ಒಂದು ಕಿಲೋಮೀಟರು ದಾರಿಯು ನಾಲ್ಕು ರೇಖೆಗಳಷ್ಟು ಮೇಲೇರಿತೆಂದರೆ ಶೇಕಡಾ 8ರ ಏರೆಂದು ಕುಳಿತಲ್ಲಿಯೇ ನಿರ್ಣಯಿಸಬಹುದು. ಎಂಟು! ನೂರಕ್ಕೆ ಎಂಟು ಅಂಕ ಗಳಿಸಿದ ಹುಡುಗನನ್ನು ಯಾವ ಉಪಾಧ್ಯಾಯನೂ ಗಣನೆಗೆ ತಾರನು. ಆದರೆ ನಾನು, ಸೈಕಲ್ಲು, ಗುಡಾರ, ಪಾತ್ರೆ, ಹಾಗೂ ಮನೆಯಾಕೆ ಒತ್ತಾಯದಿಂದ ತುರುಕಿದ ಚಕ್ಕುಲಿಯ ಡಬ್ಬಿ, ಎಲ್ಲವೂ ಸೇರಿ 100 ಕಿಲೋ ತೂಗುವಾಗ, ಆ ಎಂಟೆಂಬುದು ಎಂಟು ಕಿಲೋ ಭಾರವಾಗಿ ಹಿಂದಕ್ಕೆ ಜಗ್ಗುವುದೆಂಬ ಭೌತಶಾಸ್ತ್ರವು ಆರಾಮಕುರ್ಚಿಗೆ ತಿಳಿಯದು. ನಕ್ಷೆ ಕೊಡುವ ಇಂಥ ಸರಾಸರಿಯಂತೂ ಮಹಾ ಸಜ್ಜನವೇಷಧಾರಿ: ಆಗುಂಬೆ ಘಾಟಿಯ 14 ತಿರುವುಗಳ ಒಳಮಗ್ಗುಲಲ್ಲಿ ರಸ್ತೆಯು ತಟ್ಟನೆ ಎದ್ದು ನಿಲ್ಲುವುದನ್ನು ಅದು ಬಾಯಿಬಿಟ್ಟು ಹೇಳದು. ಬಲ್ಲವರನ್ನು ಕೇಳೋಣವೆಂದರೆ, ಬಸ್ಸಿನಲ್ಲಿ ಹೋಗಿಬಂದವರೆಲ್ಲರೂ "ಏರಾ? ಅಂಥದ್ದೇನಿಲ್ಲ ಮಾರಾಯ್ರೆ" ಎನ್ನುವರು. ಅವರ ಮಾತು ನಂಬಿ ಹೊರಟವನು ನಾಲ್ಕನೆಯ ತಿರುವಿನಲ್ಲಿ ಇಳಿದು ಸೈಕಲ್ಲನ್ನು ತಳ್ಳತೊಡಗಿದೆ. ಕಟ್ಟೆಯ ಮೇಲಿದ್ದ ಮಂಗವೊಂದು ಚಕ್ಕುಲಿಯ ಡಬ್ಬಿಯನ್ನು ಅಪಹರಿಸಿ ನನ್ನ ಹೊರೆಯನ್ನು ತುಸು ಇಳಿಸಿತು. ಶೇಕಡಾ ಎಷ್ಟೆಂದು ಲೆಕ್ಕ ಹಾಕಲು ಉಸಿರಿರಲಿಲ್ಲ.